ಎಲೆಗೂ ಟ್ಯೂಬಿಗೂ ಒಂದು ಗೇಣು

ಅವರ ಬಲಗೈಯ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಎರಡನೆಯ ಗೆಣ್ಣಿನಲ್ಲಿ ಒಳಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಯಾವುದೋ ಕಾಲದಲ್ಲಿ ಟ್ಯೂಬ್‌ಲೈಟಿನ ಚೋಕುಗಳು ತುಂಬಿದ್ದ ಪೆಟ್ಟಿಗೆ ಅದರ ಮೇಲೆ ಬಿದ್ದಿತ್ತಂತೆ. ಆದರೂ ಅಳತೆ ಮಾಡುವಾಗ ಅವರು ಚಾಚುತ್ತಿದ್ದದ್ದು ಆ ಕೈಯನ್ನೇ. ಹೆಬ್ಬೆರಳನ್ನು ಎಲೆಯ ತುದಿಗೆ ತಾಗಿಸಿ, ಸೊಟ್ಟ ಕಿರುಬೆರಳನ್ನು ಮೇಲೆ ಉರಿಯುತ್ತಿರುವ ಟ್ಯೂಬಿನ ಕಡೆಗೆ ಎತ್ತಿ, "ಒಂದು ಗೇಣು, ಮೇಲೆ ಅರ್ಧ ಬೆರಳು" ಅನ್ನುತ್ತಿದ್ದರು. ಆ ಅರ್ಧ ಬೆರಳು, ಬೆರಳು ಸೊಟ್ಟಗಾಗಿ ಕಡಿಮೆಯಾದದ್ದಕ್ಕೆ ಸೇರಿಸಿದ್ದು. ಅಂಗಿಯ ಜೇಬಿನಲ್ಲಿ ಸ್ಟೀಲಿನ ಸ್ಕೇಲು ಯಾವಾಗಲೂ ಇರುತ್ತಿತ್ತು. ಕಾರ್ಖಾನೆಯ ಕೆಲಸಕ್ಕೆ ಸ್ಕೇಲು, ಗಿಡಕ್ಕೆ ಕೈ. ಯಾಕೆ ಸಾರ್ ಅಂತ ಒಮ್ಮೆ ಕೇಳಿದ್ದಕ್ಕೆ, "ಸ್ಕೇಲಿಗೆ ಬಿಸಿ ಗೊತ್ತಾಗಲ್ಲ ಕಣಮ್ಮ" ಅಂದಿದ್ದರು.

ಅವರು ಪೀಣ್ಯದ ಒಂದು ಟ್ಯೂಬ್‌ಲೈಟ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದ ಸೂಪರ್‌ವೈಸರ್ ಆಗಿದ್ದರು. ನಾನು ಅವರ ಕೈಕೆಳಗೆ ಕೆಲಸ ಕಲಿತವಳು. ಅವರನ್ನು ಸಾರ್ ಅಂತಲೇ ಕರೆದದ್ದು, ಇಲ್ಲೂ ಹಾಗೇ ಬರೆಯುತ್ತೇನೆ. ತೊಂಬತ್ತರ ದಶಕ ಆಗಿನ್ನೂ ಶುರುವಾಗಿತ್ತು. ಟ್ಯೂಬಿನ ಪಟ್ಟಿ, ಚೋಕು, ಸ್ಟಾರ್ಟರುಗಳನ್ನು ಜೋಡಿಸಿದ ಮೇಲೆ ಎಲ್ಲವನ್ನೂ ನಮ್ಮ ವಿಭಾಗಕ್ಕೆ ತಂದು ಕಬ್ಬಿಣದ ರ‍್ಯಾಕುಗಳಿಗೆ ಏರಿಸಿ ಕೆಲವು ಗಂಟೆ ಉರಿಸುತ್ತಿದ್ದೆವು. ಮಿಣುಕುವುದು, ಗುಂಯ್‌ಗುಟ್ಟುವುದು, ವಾಸನೆ ಬರುವುದು, ಇಂಥವನ್ನೆಲ್ಲ ಪಕ್ಕಕ್ಕೆ ತೆಗೆದು ಉಳಿದದ್ದನ್ನು ಪ್ಯಾಕಿಂಗಿಗೆ ಕಳಿಸುವುದು ನಮ್ಮ ಕೆಲಸ. ಕಿಟಕಿಯಿಲ್ಲದ ಶೆಡ್ಡು. ಹಗಲು ಹೊತ್ತಿನಲ್ಲಿ ಅಷ್ಟೊಂದು ಬೆಳಕು ಯಾರಿಗೂ ಬೇಡದೆ ಉರಿಯುತ್ತಿತ್ತು.

ನಾನು ಅಲ್ಲಿಗೆ ಸೇರಿದ್ದು ನನ್ನ ಗಂಡನ ಜಾಗಕ್ಕೆ. ಅವರು ಅದೇ ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿದ್ದರು. ತುಮಕೂರು ರಸ್ತೆ ದಾಟುವಾಗ ಲಾರಿ ಹೊಡೆದು ಹೋದರು. ಮದುವೆಯಾಗಿ ನಾಲ್ಕು ವರ್ಷ, ಮಗಳಿಗೆ ಎರಡು. ಸತ್ತವರ ಮನೆಯಲ್ಲಿ ಒಬ್ಬರಿಗೆ ಕೆಲಸ ಕೊಡುವ ಪದ್ಧತಿ ಅಲ್ಲಿತ್ತು. ಆ ಒಬ್ಬರು ಯಾರು ಅನ್ನುವ ಮಾತು ಹನ್ನೊಂದನೇ ದಿನಕ್ಕೇ ಎದ್ದಿತು. ಮೈದುನನಿಗೆ ಕೊಡಲಿ, ಗಂಡು ಹುಡುಗ, ಅತ್ತಿಗೆಯನ್ನೂ ಮಗುವನ್ನೂ ಅವನೇ ನೋಡಿಕೊಳ್ಳುತ್ತಾನೆ ಅಂತ ಅತ್ತೆ ಮಾವ. ಅವನ ಹಂಗಿನಲ್ಲಿ, ಅವನಿಗೆ ನಾಳೆ ಬರುವ ಹೆಂಡತಿಯ ಹಂಗಿನಲ್ಲಿ ಅನ್ನ ತಿನ್ನುವುದು ಹೇಗಿರುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾರ್ಖಾನೆಯ ಮ್ಯಾನೇಜರು ಇಬ್ಬರಿಗೂ ನೋವಾಗದ ಹಾಗೆ ತೀರ್ಪು ಕೊಟ್ಟರು. ನನಗೆ ಆರು ತಿಂಗಳು ಟ್ರಯಲ್. ಕೆಲಸ ಕಲಿತರೆ ಕಾಯಂ ಮಾಡಿ ಆರ್ಡರ್ ಕೊಡುವುದು, ಇಲ್ಲವಾದರೆ ಅದೇ ಜಾಗಕ್ಕೆ ಮೈದುನನನ್ನು ತೆಗೆದುಕೊಳ್ಳುವುದು.

ಆ ದಿನಗಳಲ್ಲಿ ನಾನು ಅಳಲಿಲ್ಲ. ಇದು ದೊಡ್ಡಸ್ತಿಕೆಯ ಮಾತಲ್ಲ. ಅಳು ಬರಲಿಲ್ಲ, ಅಷ್ಟೆ. "ಕಣ್ಣಲ್ಲಿ ಒಂದು ಹನಿ ಇಲ್ಲ ನೋಡು" ಅಂತ ಅತ್ತೆಯ ಕಡೆಯವರು ನನ್ನೆದುರೇ ಆಡಿಕೊಂಡರು. ಆಡಿಕೊಂಡದ್ದೂ ನನಗೆ ತಾಗಲಿಲ್ಲ. ಬೆಳಗ್ಗೆ ಏಳುತ್ತಿದ್ದೆ, ಮಗಳಿಗೆ ತಿನ್ನಿಸುತ್ತಿದ್ದೆ, ಅವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಾಗಲಗುಂಟೆಯಿಂದ ಕಾರ್ಖಾನೆಗೆ ನಡೆಯುತ್ತಿದ್ದೆ. ದಾರಿಯಲ್ಲಿ ಯಾರು ಸಿಕ್ಕಿದರು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಮೈಗೆ ಯಾರೋ ಹಲ್ಲಿನ ಡಾಕ್ಟರು ಕೊಡುವ ಇಂಜೆಕ್ಷನ್ ಕೊಟ್ಟ ಹಾಗಿತ್ತು.

ಸೇರಿದ ಮೂರನೆಯ ದಿನ ಇರಬೇಕು. ಉರಿಯುತ್ತಿದ್ದ ರ‍್ಯಾಕಿನ ಪಕ್ಕದಲ್ಲಿ ನಿಂತು ಸಾರ್ ಹೇಳುತ್ತಿದ್ದ ನಂಬರುಗಳನ್ನು ಬರೆದುಕೊಳ್ಳುತ್ತಿದ್ದೆ. ಎಡಗೈ ಒಂದು ಚೋಕಿನ ಮೇಲಿತ್ತು. ಚೋಕು ಉರಿದು ಉರಿದು ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಸಾರ್ ನಂಬರು ಹೇಳುವುದನ್ನು ನಿಲ್ಲಿಸಿದರು. ನನ್ನ ಮುಖ ನೋಡಿದರು, ಕೈ ನೋಡಿದರು.

"ಕೈ ತೆಗಿಯಮ್ಮ."

ತೆಗೆದೆ. ಅಂಗೈ ಕೆಂಪಗಾಗಿತ್ತು.

"ಉರೀತಿಲ್ವಾ?"

"ಗೊತ್ತಾಗಲಿಲ್ಲ ಸಾರ್."

ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಪಾಪ ಅನ್ನುತ್ತಿದ್ದರು, ಹೋದವರು ಹೋದರು ಇರುವವರು ಬದುಕಬೇಕು ಅಂತ ಶುರು ಮಾಡುತ್ತಿದ್ದರು. ಆ ಮಾತುಗಳನ್ನು ಕೇಳಿ ಕೇಳಿ ನನಗೆ ಕಿವಿ ತೂತು ಬಿದ್ದಿತ್ತು. ಸಾರ್ ಅದೇನೂ ಹೇಳಲಿಲ್ಲ. ಬರ್ನಾಲ್ ತಂದು ಮೇಜಿನ ಮೇಲಿಟ್ಟು, "ಹಚ್ಕೊಂಡು ಈ ಕಡೆ ಬಾ" ಅಂದು ರ‍್ಯಾಕಿನ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಕೆಳಗಿನ ಹಂತದಲ್ಲಿ, ಟ್ಯೂಬುಗಳ ಬೆಳಕು ನೇರ ಬೀಳುವ ಹಾಗೆ, ಹತ್ತು ಹನ್ನೆರಡು ಕುಂಡಗಳಿದ್ದವು. ಮನಿಪ್ಲಾಂಟು, ಜರೀಗಿಡ, ಚುಕ್ಕೆ ಚುಕ್ಕೆಯ ದೊಡ್ಡ ಎಲೆಯದೊಂದು, ಅಂಥೂರಿಯಂ. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಅವು ಮಳೆಗಾಲ ಕಂಡ ಹಾಗೆ ಹಸಿರಾಗಿದ್ದವು.

"ಅಂಗೈ ಬೇಡ, ಮುಂಗೈ ಹಿಡಿ. ಎಲೆ ಇರೋ ಎತ್ತರಕ್ಕೆ. ಬಿಸಿ ಗೊತ್ತಾದ್ರೆ ಕುಂಡ ಕೆಳಗಿಳಿಸ್ಬೇಕು."

ಹಿಡಿದೆ. "ಗೊತ್ತಾಗ್ತಿಲ್ಲ ಸಾರ್."

"ಸರಿ. ಇದಕ್ಕೆ ನಾನು ಹಿಡೀತೀನಿ. ನೀನು ನೀರು ಹಾಕು" ಅಂದರು.

ಆ ಗಿಡಗಳು ಅಲ್ಲಿಗೆ ಬಂದದ್ದು ಅವರ ಮನೆಯವರಿಂದಾಗಿ. ಸಾರ್ ಇದ್ದದ್ದೂ ಬಾಗಲಗುಂಟೆಯಲ್ಲೇ, ಒಂದು ವಠಾರದ ನೆಲಮಾಳಿಗೆಯಂಥ ಮನೆಯಲ್ಲಿ. ಎರಡು ಕಡೆ ಪಕ್ಕದ ಮನೆಯ ಗೋಡೆ, ಎದುರಿಗೆ ಮಹಡಿಯ ಮೆಟ್ಟಿಲು. ಮಧ್ಯಾಹ್ನ ಹನ್ನೆರಡಕ್ಕೂ ಲೈಟು ಹಾಕಿಕೊಂಡೇ ಅಕ್ಕಿ ಆರಿಸಬೇಕು. ಅಮ್ಮನಿಗೆ, ಅಂದರೆ ಅವರ ಹೆಂಡತಿಗೆ, ಗಿಡ ಅಂದರೆ ಪ್ರಾಣ. ತಂದ ಗಿಡವೆಲ್ಲ ಆ ಮನೆಯಲ್ಲಿ ಎರಡು ತಿಂಗಳಿಗೆ ಬಿಳಿಚಿಕೊಂಡು ಸಾಯುತ್ತಿದ್ದವು. ಸಾರ್ ಒಂದು ದಿನ ಸಾಯುವ ಸ್ಥಿತಿಯಲ್ಲಿದ್ದ ಕುಂಡವನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಕಾರ್ಖಾನೆಗೆ ತಂದು ರ‍್ಯಾಕಿನ ಕೆಳಗಿಟ್ಟರಂತೆ. ಅದು ಚೇತರಿಸಿಕೊಂಡಿತು. ಅಲ್ಲಿಂದ ಅದೇ ರೂಢಿಯಾಯಿತು. ತಿಂಗಳು ಮನೆ, ತಿಂಗಳು ಕಾರ್ಖಾನೆ. ಶನಿವಾರ ಎರಡು ಕುಂಡ ಬರುತ್ತಿದ್ದವು, ಎರಡು ಹೋಗುತ್ತಿದ್ದವು. ಗೇಟಿನ ವಾಚ್‌ಮನ್ನು "ಏನ್ ಸಾರ್, ಹೆಣ್ಮಕ್ಳು ತವರಿಗೆ ಹೊರಟ್ರಾ" ಅಂತ ತಮಾಷೆ ಮಾಡುತ್ತಿದ್ದ. ಇವರು ನಗದೆ ತಲೆಯಾಡಿಸಿ ಪೆಡಲು ತುಳಿಯುತ್ತಿದ್ದರು.

ಈಗಿನವರು ಮನೆಯೊಳಗಿನ ಗಿಡಕ್ಕೆಂದೇ ಬೇರೆ ಬೇರೆ ಬಣ್ಣದ ದೀಪ ಕೊಂಡು ತರುತ್ತಾರೆ. ಆಗ ಅಂಥದ್ದೇನೂ ನಮ್ಮ ಕಡೆ ಸಿಗುತ್ತಿರಲಿಲ್ಲ. ಸಾರ್ ಕಂಡುಕೊಂಡದ್ದೆಲ್ಲ ನಮ್ಮದೇ ನಾಲ್ಕಡಿ ಟ್ಯೂಬುಗಳಿಂದ. ನೀಲಿ ಛಾಯೆಯ ಬಿಳಿ ಟ್ಯೂಬಿನ ಕೆಳಗೆ ಎಲೆ ಚೆನ್ನಾಗಿ ಬರುತ್ತದೆ, ಹೂ ಬೇಕಾದರೆ ಅದರ ಪಕ್ಕ ಒಂದು ಹಳದಿ ಛಾಯೆಯದು ಸೇರಿಸಬೇಕು. ಗುಂಡು ಬಲ್ಬು ಹತ್ತಿರಕ್ಕೂ ಬೇಡ, ಅದು ಕಾಯಿಸುತ್ತದೆ. ಟ್ಯೂಬಿನ ಹೊಟ್ಟೆಯಲ್ಲಿ ಬೆಳಕು ಜಾಸ್ತಿ, ತುದಿಗಳಲ್ಲಿ ಕಡಿಮೆ. ಅಂಥೂರಿಯಂ ನಡುವಿಗೆ, ಒಂದು ಗೇಣಿಗೆ. ಜರೀಗಿಡ ತುದಿಗೆ. ಮನಿಪ್ಲಾಂಟಿಗೆ ಎರಡು ಗೇಣಾದರೂ ನಡೆಯುತ್ತದೆ. ಕನ್ನಡಿಯಂಥ ತಗಡಿಗಿಂತ ಬಿಳಿ ಬಣ್ಣ ಹೊಡೆದ ತಗಡನ್ನು ಹಿಂದೆ ಇಟ್ಟರೆ ಬೆಳಕು ಮೆತ್ತಗೆ ಹರಡುತ್ತದೆ. ವಾರಕ್ಕೊಮ್ಮೆ ಟ್ಯೂಬಿನ ಧೂಳು ಒರೆಸಬೇಕು, ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು. ತುದಿ ಕಪ್ಪಾದ ಟ್ಯೂಬನ್ನು, ಇನ್ನೂ ಉರಿಯುತ್ತಿದೆಯಲ್ಲ ಅಂತ ಇಟ್ಟುಕೊಳ್ಳಬಾರದು.

"ಕಣ್ಣನ್ನ ನಂಬ್ಬೇಡ" ಅಂತ ಅವರು ಮತ್ತೆ ಮತ್ತೆ ಹೇಳುತ್ತಿದ್ದರು. "ಕಣ್ಣು ಎಲ್ಲಾದಕ್ಕೂ ಒಗ್ಗಿಕೊಂಡ್ಬಿಡುತ್ತೆ. ಮಂಕು ಬೆಳಕಲ್ಲಿ ಅರ್ಧ ಗಂಟೆ ಕೂತ್ರೆ ಅದೇ ಸಾಕು ಅನ್ನುತ್ತೆ. ಎಲೆ ನೋಡು. ಎಲೆ ಎಲೆ ಮಧ್ಯ ದಂಟು ಉದ್ದ ಆಗ್ತಿದ್ಯಾ, ಬೆಳಕು ಸಾಲ್ತಿಲ್ಲ. ಬಣ್ಣ ಬಿಟ್ಕೊಂಡು ಮುದುರ್ತಿದ್ಯಾ, ಜಾಸ್ತಿ ಆಯ್ತು."

ಇನ್ನೊಂದು ಮಾತು ಅವರು ಅಷ್ಟೇ ಸಲ ಹೇಳಿದ್ದರು. ಗಿಡಕ್ಕೆ ದಿನಕ್ಕೆ ಹನ್ನೆರಡು ಗಂಟೆ ಬೆಳಕಾದರೆ ಉಳಿದದ್ದು ಕತ್ತಲೆ ಬೇಕು. ನಮ್ಮ ರ‍್ಯಾಕುಗಳು ಸಂಜೆ ಐದೂವರೆಗೆ ಆರುತ್ತಿದ್ದವು. ಆರಿಸುವುದು ನನ್ನ ಕೆಲಸ. ಒಂದು, ಎರಡು, ಮೂರು ಅಂತ ಸ್ವಿಚ್ಚುಗಳನ್ನು ಕೆಳಕ್ಕೆಳೆದು, ಬೀಗದ ಕೈಯನ್ನು ಗೇಟಿಗೆ ಕೊಟ್ಟು ಹೋಗುತ್ತಿದ್ದೆ.

ಗಿಡದ ವಿಷಯದಲ್ಲಿ ಅವರಿಗೆ ಹಟ. ಮ್ಯಾನೇಜರ ಕ್ಯಾಬಿನ್ ಹೊಸದಾಗಿ ಮಾಡಿಸಿದಾಗ ಅಲ್ಲೊಂದು ಗಿಡ ಬೇಕೆನ್ನಿಸಿತು. ಕಿಟಕಿಯಿಲ್ಲದ ಎಸಿ ರೂಮು. ಅವರು ದೊಡ್ಡ ಹೋಟೆಲಿನಲ್ಲಿ ಕಂಡ ಹಾಗೆ ಮೇಲಿನಿಂದ ಒಂದು ಹ್ಯಾಲೊಜೆನ್ ದೀಪವನ್ನು ನೇರ ಗಿಡದ ನೆತ್ತಿಗೆ ಬಿಡಿಸಿದರು. ನೋಡಲು ಭರ್ಜರಿಯಾಗಿತ್ತು. ಎಂಟು ದಿನದಲ್ಲಿ ನಡುವಿನ ಎಲೆಗಳು ಹಪ್ಪಳವಾದವು. ಸಾರನ್ನು ಕರೆಸಿ, ಏನಾಯಿತು ನೋಡಿ, ಗಿಡ ಸರಿಯಿಲ್ಲವಾ ಅಂದರು. ಸಾರ್ ಮುಂಗೈ ಹಿಡಿದು ನೋಡಿ, "ಗಿಡ ಸರಿಯಾಗಿದೆ ಸಾರ್, ಒಲೆ ಮೇಲೆ ಇಟ್ಟಿದ್ದೀರ" ಅಂದರು. ನಾನು ನೋಟ್‌ಬುಕ್ಕು ಹಿಡಿದು ಹಿಂದೆ ನಿಂತಿದ್ದೆ. ಮ್ಯಾನೇಜರ ಮುಖ ಸಪ್ಪಗಾಯಿತು. ಇವರಿಗೆ ಅದರ ಖಬರೇ ಇಲ್ಲ. ಮೊಣಕಾಲೂರಿ ಕೂತು ಶೆಲ್ಫಿನ ಅಂಚಿನೊಳಗೆ ಎರಡಡಿಯ ಟ್ಯೂಬು ಕಾಣದ ಹಾಗೆ ಕೂರಿಸುವುದು ಹೇಗೆ ಅಂತ ಅಳೆಯುತ್ತಿದ್ದರು. ಮೇಲಿನವರ ಹತ್ತಿರ ಹೇಗೆ ಮಾತಾಡಬೇಕು ಅನ್ನುವುದು ಅವರಿಗೆ ಕೊನೆಯವರೆಗೂ ಬರಲಿಲ್ಲ.

ನನಗೆ ಅವರು ಕೆಲಸ ಕಲಿಸಿದ್ದು ಗಿಡದ ಮೂಲಕ. ಮೀಟರಿನ ಮುಳ್ಳು ನೋಡಿ ಬರೆ ಅಂದರೆ ತಪ್ಪು ಬರೆಯುತ್ತಿದ್ದೆ. ಒಂದು ತಿಂಗಳಲ್ಲಿ ಎರಡು ಸಲ ರಿಜೆಕ್ಟ್ ಆದದ್ದನ್ನು ಒಳ್ಳೆಯದರ ಜೊತೆ ಪ್ಯಾಕಿಂಗಿಗೆ ಬಿಟ್ಟೆ. ಬೈಯಲಿಲ್ಲ. ಜರೀಗಿಡದಲ್ಲಿ ಇವತ್ತು ಎಷ್ಟು ಹೊಸ ಸುರುಳಿ ಬಿಚ್ಚಿದೆ ಎಣಿಸು, ನಿನ್ನೆಗಿಂತ ಎಷ್ಟು ಜಾಸ್ತಿ ಹೇಳು ಅನ್ನುತ್ತಿದ್ದರು. ದಿನಾ ಎಣಿಸಿದೆ. ಅದರಲ್ಲಿ ಸಂತೋಷವಾಯಿತು ಅಂತ ಬರೆದರೆ ಸುಳ್ಳು. ಏನೂ ಆಗಲಿಲ್ಲ. ಆದರೆ ಎಣಿಸಿ ಎಣಿಸಿ ಕಣ್ಣು ಒಂದು ಕಡೆ ನಿಲ್ಲುವುದನ್ನು ಕಲಿಯಿತು. ನಾಲ್ಕನೆಯ ತಿಂಗಳಿಗೆ ಮೀಟರು ಸರಿಯಾಗಿ ಓದುತ್ತಿದ್ದೆ. "ಇನ್ನೇನು, ಆರ್ಡರ್ ಬಂದ್ಬಿಡುತ್ತೆ" ಅಂದರು ಸಾರ್. ಊರಿಂದ ಮೈದುನ ಎರಡು ಸಲ ಬಂದು ಆಫೀಸಿನಲ್ಲಿ ವಿಚಾರಿಸಿಕೊಂಡು ಹೋಗಿದ್ದ.

ಅವರಿಗೂ ಒಂದು ಆರ್ಡರ್ ಬರುವುದಿತ್ತು. ಆ ವರ್ಷ ಅವರಿಗೆ ನಿವೃತ್ತಿ. ಹೊಸ ಲ್ಯಾಬ್ ಕಟ್ಟುವವರೆಗೆ ಇನ್ನೆರಡು ವರ್ಷ ಇರಿ ಅಂತ ಮ್ಯಾನೇಜರೇ ಬಾಯಿಮಾತಿನಲ್ಲಿ ಹೇಳಿದ್ದರು. ಆ ಎರಡು ವರ್ಷದ ಸಂಬಳದ ಮೇಲೆ ಅಮ್ಮ ಒಂದು ಮನೆ ಕಟ್ಟಿಕೊಂಡಿದ್ದರು, ಮನಸ್ಸಿನಲ್ಲಿ. ಮಹಡಿಯ ಮೇಲಿನ ಮನೆ, ಬಾಡಿಗೆಯದಾದರೂ ಸರಿ, ಪೂರ್ವಕ್ಕೆ ಕಿಟಕಿ ಇರಬೇಕು. "ನಮ್ಮನೆಯೋಳು ಕಿಟಕಿ ಪರದೆ ಬಟ್ಟೆನೂ ಆರಿಸಿಟ್ಟಿದ್ದಾಳೆ" ಅಂತ ಸಾರ್ ನನ್ನ ಹತ್ತಿರ ಹೇಳಿದ್ದರು. ಅವರು ತಮ್ಮ ಮನೆಯ ಮಾತು ಆಡಿದ್ದು ಬಹಳ ಕಡಿಮೆ, ಅದಕ್ಕೇ ನೆನಪಿದೆ.

ಐದನೆಯ ತಿಂಗಳಲ್ಲಿ ಮಾಲಿಗೆ ಬೇಡಿಕೆ ಕುಸಿಯಿತು. ನಮ್ಮ ಮೂರು ರ‍್ಯಾಕುಗಳೂ ಕತ್ತಲು. ಉರಿಯುತ್ತಿದ್ದದ್ದು ಗೋಡೆಯ ಪಕ್ಕದ ನಾಲ್ಕನೆಯದು ಮಾತ್ರ. ಅದನ್ನು ಲೈಫ್ ರ‍್ಯಾಕು ಅನ್ನುತ್ತಿದ್ದೆವು. ಒಂದು ದೊಡ್ಡ ಆರ್ಡರು ಸಿಗಬೇಕಾದರೆ ಹನ್ನೆರಡು ಫಿಟ್ಟಿಂಗುಗಳು ಸಾವಿರ ಗಂಟೆ ಒಂದೇ ಸಮನೆ, ಒಂದು ನಿಮಿಷವೂ ಆರದೆ ಉರಿಯಬೇಕು ಅನ್ನುವುದು ಖರೀದಿದಾರರ ಷರತ್ತು. ಎಷ್ಟು ಹೊತ್ತು ಉರಿಯಿತು ಅಂತ ತೋರಿಸಲು ಗಂಟೆ ಮೀಟರು ಕೂರಿಸಿತ್ತು. ಕರೆಂಟು ಹೋದರೆ ಜನರೇಟರು ಹಿಡಿದುಕೊಳ್ಳುವ ಹಾಗೆ ಅದೊಂದಕ್ಕೇ ಬೇರೆ ಲೈನು. ಗಿಡಗಳಿಗೆ ಬೇರೆ ಬೆಳಕಿಲ್ಲದೆ ಸಾರ್ ಕುಂಡಗಳನ್ನು ಅದರ ಕೆಳಗೆ ಸಾಗಿಸಿದರು. ಅದು ಹಗಲು ರಾತ್ರಿ ಉರಿಯುವುದರಿಂದ, ಸಂಜೆ ಮನೆಗೆ ಹೋಗುವ ಮೊದಲು ಕುಂಡಗಳ ಮೇಲೆ ಒಂದು ದಪ್ಪ ಬೆಡ್‌ಶೀಟು ಇಳಿಬಿಡಬೇಕು. ಅಮ್ಮ ಕೊಟ್ಟ ಹಳೆಯ ಬೆಡ್‌ಶೀಟು. ಆ ಕೆಲಸವೂ ನನ್ನದೇ. ಮೂರು ವಾರ ತಪ್ಪದೆ ಮಾಡಿದೆ.

ಆಮೇಲೊಂದು ದಿನ. ಮಾರನೆಯ ಬೆಳಗ್ಗೆ ಖರೀದಿದಾರರ ಕಡೆಯಿಂದ ಒಬ್ಬರು ನೋಡಲು ಬರುವವರಿದ್ದರು. ಬಟ್ಟೆಗಿಟ್ಟೆ ನೇತುಹಾಕಬೇಡಿ ಅಂತ ಮ್ಯಾನೇಜರು ಹೇಳಿದ್ದಕ್ಕೆ ಕಸ ಗುಡಿಸುವವರು ಬೆಡ್‌ಶೀಟು ತೆಗೆದುಕೊಂಡು ಹೋಗಿದ್ದರು. ಸಾರ್ ಮೀಟಿಂಗಿನಲ್ಲಿದ್ದರು. ಐದೂವರೆಗೆ ಸೈರನ್ ಆಯಿತು. ನಾನು ಹೋಗಿ ನೋಡಿದೆ, ಬೆಡ್‌ಶೀಟು ಇಲ್ಲ. ಗಿಡಕ್ಕೆ ಕತ್ತಲೆ ಮಾಡಬೇಕು. ತಲೆಯಲ್ಲಿ ಇದ್ದದ್ದು ಅದೊಂದೇ. ಒಂದು ರಾತ್ರಿ ಬೆಳಕಿನಲ್ಲಿದ್ದರೆ ಗಿಡಕ್ಕೇನೂ ಆಗುವುದಿಲ್ಲ ಅಂತ ಒಂದು ಕ್ಷಣ ಯೋಚಿಸಿದ್ದರೆ ಹೊಳೆಯುತ್ತಿತ್ತು. ಯೋಚಿಸಲಿಲ್ಲ. ತಿಂಗಳುಗಟ್ಟಲೆ ದಿನಾ ಮಾಡಿದ ಹಾಗೆ ಕೈ ಮೇಲೆ ಹೋಯಿತು, ನಾಲ್ಕನೆಯ ಸ್ವಿಚ್ಚನ್ನು ಕೆಳಕ್ಕೆಳೆಯಿತು. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಗೇಟಿಗೆ ಕೊಟ್ಟು, ದಾರಿಯಲ್ಲಿ ಕೊತ್ತಂಬರಿ ಸೊಪ್ಪು ಕೊಂಡು ಮನೆಗೆ ಹೋದೆ.

ಬೆಳಗ್ಗೆ ನಾನು ಹೋಗುವಷ್ಟರಲ್ಲಿ ರ‍್ಯಾಕು ಉರಿಯುತ್ತಿತ್ತು. ಸಾರ್ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದಿದ್ದರು. ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು. ಅವರ ಗುಂಡು ಅಕ್ಷರದಲ್ಲಿ, ನಿನ್ನೆ ಸಂಜೆ ಐದೂವರೆಯಿಂದ ಇಂದು ಬೆಳಗ್ಗೆ ಏಳೂಮುಕ್ಕಾಲರವರೆಗೆ ಲೈಫ್ ರ‍್ಯಾಕು ಆರಿತ್ತು ಅಂತ ಬರೆದಿದ್ದರು. ಅದರ ಕೆಳಗೆ, ಆರಿಸಿದವರು ಅಂತಿದ್ದ ಕಡೆ ತಮ್ಮ ಸಹಿ. ಗಂಟೆಯ ವಿಷಯದಲ್ಲಿ ಅವರು ಒಂದು ನಿಮಿಷವನ್ನೂ ಸುಳ್ಳು ಬರೆಯಲಿಲ್ಲ. ಯಾರ ಕೈ ಅನ್ನುವುದನ್ನು ಮಾತ್ರ ಬದಲಾಯಿಸಿದ್ದರು. ಓದಿದ ಮೇಲೆ ನನಗೆ ನಿನ್ನೆ ಏನು ಮಾಡಿದೆ ಅನ್ನುವುದು ಅರ್ಥವಾಯಿತು.

ಹತ್ತು ಗಂಟೆಗೆ ಮ್ಯಾನೇಜರು ಬಂದರು. ಖರೀದಿದಾರರ ಕಡೆಯವರು ಆಗಲೇ ಗಂಟೆ ಮೀಟರು ನೋಡಿ, ಮತ್ತೆ ಸೊನ್ನೆಯಿಂದ ಶುರು ಮಾಡಿ ಅಂತ ಹೇಳಿ ಹೊರಟುಹೋಗಿದ್ದರು.

"ಯಾರ್ರೀ ಆಫ್ ಮಾಡಿದ್ದು?"

"ನಾನೇ ಸಾರ್. ಗಿಡಕ್ಕೆ ಕತ್ತಲೆ ಮಾಡೋಕೆ ಹೋಗಿ ಕೈ ತಪ್ತು" ಅಂದರು ಸಾರ್.

"ಗಿಡಕ್ಕೆ." ಮ್ಯಾನೇಜರು ಆ ಮಾತನ್ನು ಎರಡು ಸಲ ಹೇಳಿದರು. "ಇದು ಫ್ಯಾಕ್ಟರಿನೋ ಲಾಲ್‌ಬಾಗೋ? ಇಷ್ಟು ವರ್ಷ ಸರ್ವೀಸ್ ಮಾಡಿ ಯಾವ ಸ್ವಿಚ್ಚು ಯಾವುದು ಅಂತ ಗೊತ್ತಾಗ್ಲಿಲ್ವಾ ನಿಮಗೆ?"

"ತಪ್ಪಾಯ್ತು ಸಾರ್."

ನಾನು ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ತುಟಿ ಪಿಟಕ್ಕೆನ್ನಲಿಲ್ಲ. ಗಂಡ ಸತ್ತು ಕಲ್ಲಾಗಿದ್ದೆ, ನನಗೆ ಯಾವುದೂ ತಾಗುತ್ತಿರಲಿಲ್ಲ, ಅದಕ್ಕೇ ಮಾತು ಹೊರಡಲಿಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ನನ್ನ ಆರು ತಿಂಗಳು ಮುಗಿಯಲು ಇನ್ನು ಹತ್ತೊಂಬತ್ತು ದಿನ ಇದೆ ಅಂತ ಆ ಹೊತ್ತಿನಲ್ಲಿ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಕಲ್ಲಿಗೆ ದಿನ ಎಣಿಸಲು ಬರುವುದಿಲ್ಲ.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವರ ಎದುರು ಹೋಗಿ ನಿಂತೆ. "ಸಾರ್, ನಿನ್ನೆ..." ಅಂದೆ.

"ಊಟ ಮಾಡು. ನಿನ್ನ ಆರ್ಡರ್ ಕೈಗೆ ಬರೋವರ್ಗೂ ಆ ಮಾತು ಬೇಡ" ಅಂದರು. ಆಮೇಲೆ ಒಂದು ಚಮಚ ಉಪ್ಪಿನಕಾಯಿ ನನ್ನ ಮುಚ್ಚಳಕ್ಕೆ ಹಾಕಿದರು. ಅವತ್ತೇ ನಾಲ್ಕನೆಯ ಸ್ವಿಚ್ಚಿನ ಸುತ್ತ ಕೆಂಪು ಬಣ್ಣ ಹೊಡೆಸಿದರು. ಗಿಡಗಳೆಲ್ಲ ಆ ಶನಿವಾರ ಮನೆಗೆ ಹೋದವು. ಮ್ಯಾನೇಜರ ಅಪ್ಪಣೆ.

ಹತ್ತೊಂಬತ್ತು ದಿನ ಕಳೆದು ನನ್ನ ಆರ್ಡರ್ ಬಂತು. ಆರ್ಡರ್ ಕೈಗೆ ಬರುವವರೆಗೆ ಬೇಡ ಅಂದಿದ್ದರು, ಬಂದ ಮೇಲೆ ಅಂತ ಅಂದಿರಲಿಲ್ಲ. ನಾನು ಆ ಮಾತನ್ನು ಎತ್ತಲಿಲ್ಲ. ಕಾಯಂ ಆದವರನ್ನು ಅಷ್ಟು ಸುಲಭಕ್ಕೆ ತೆಗೆಯುವುದಿಲ್ಲ, ಹೇಳಿದ್ದರೆ ಒಂದು ಮೆಮೋ ಕೊಟ್ಟು ಬಿಡುತ್ತಿದ್ದರೇನೋ. ಹೇಳಲಿಲ್ಲ. ಎರಡು ತಿಂಗಳ ಮೇಲೆ ಸಾರಿಗೆ ನಿವೃತ್ತಿಯಾಯಿತು. ಇನ್ನೆರಡು ವರ್ಷದ ಮಾತನ್ನು ಯಾರೂ ಆಡಲಿಲ್ಲ. ಕ್ಯಾಂಟೀನಿನಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಅಮ್ಮ ಅಷ್ಟರಲ್ಲಿ ನೋಡಿಟ್ಟುಕೊಂಡಿದ್ದ ಪೂರ್ವದ ಕಿಟಕಿಯ ಮನೆಯನ್ನು ಬೇರೆ ಯಾರೋ ಹಿಡಿದರು. ಇವರು ವಠಾರದಲ್ಲೇ ಉಳಿದರು. ಒಂದೇ ಬೀದಿಯಾಚೆ ಇದ್ದದ್ದರಿಂದ ನಾನು ತಿಂಗಳಿಗೊಮ್ಮೆ, ಹಬ್ಬ ಹುಣ್ಣಿಮೆಗೆ ಮಗಳನ್ನು ಕರೆದುಕೊಂಡು ಹೋಗುತ್ತಿದ್ದೆ. ಸಾರ್ ನಡುಮನೆಯ ಗೋಡೆಗೆ ಹಲಗೆ ಹೊಡೆದು, ಮೇಲೆ ಎರಡು ಟ್ಯೂಬು ಕಟ್ಟಿ, ಕೆಳಗೆ ಕುಂಡಗಳನ್ನು ಜೋಡಿಸಿದ್ದರು. ಆ ಬೆಳಕಿನಲ್ಲೇ ಪೇಪರು ಓದುತ್ತಿದ್ದರು, ಅಮ್ಮ ಆ ಬೆಳಕಿನಲ್ಲೇ ಹೂ ಕಟ್ಟುತ್ತಿದ್ದರು. ಎಂಟು ಗಂಟೆಗೆ ಗಿಡಕ್ಕೆ ಕತ್ತಲೆ ಬೇಕು ಅಂತ ಇವರು ಎದ್ದು ಆರಿಸುತ್ತಿದ್ದರು. ಅಮ್ಮನ ಮಾತು ಶುರುವಾಗುತ್ತಿದ್ದದ್ದು ಆಗ. ಒಮ್ಮೊಮ್ಮೆ ಅಷ್ಟು ಹೊತ್ತೂ ಕಾಯುತ್ತಿರಲಿಲ್ಲ.

"ಈ ಸ್ವಿಚ್ಚು ಮಾತ್ರ ಸರಿಯಾಗಿ ಒತ್ತುತ್ತಾರೆ ನೋಡು" ಅಂತ ನನ್ನ ಕೈಗೆ ಕಾಫಿ ಕೊಡುತ್ತ ಹೇಳುತ್ತಿದ್ದರು. "ಅವತ್ತು ಎಲ್ಲಿಟ್ಟಿದ್ರೋ ಬುದ್ಧಿನ. ಇನ್ನೆರಡು ವರ್ಷ ಇದ್ದಿದ್ರೆ ಬಿಸಿಲು ಬರೋ ಮನೇಲಿ ಇರ್ತಿದ್ವಿ. ನನಗೀಗ ಸೂರ್ಯನ್ನ ನೋಡ್ಬೇಕಂದ್ರೆ ನೀರು ಹಿಡಿಯೋಕೆ ಬೀದಿಗೆ ಹೋಗ್ಬೇಕು. ಕೈ ತಪ್ತಂತೆ, ಕೈ."

ಸಾರ್ ನನ್ನ ಕಡೆ ನೋಡುತ್ತಿರಲಿಲ್ಲ. ಎದ್ದು ಹೋಗಿ ಯಾವುದಾದರೊಂದು ಕುಂಡವನ್ನು ಕಾಲು ಸುತ್ತು ತಿರುಗಿಸುತ್ತಿದ್ದರು. ಮಗಳನ್ನು ಕರೆದು, "ಬಾ ಪುಟ್ಟಿ, ಈ ಎಲೆ ಎಷ್ಟು ದೊಡ್ಡದಾಗಿದೆ ನೋಡು" ಅನ್ನುತ್ತಿದ್ದರು. ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಬರುತ್ತಿದ್ದೆ. ಏಳೆಂಟು ವರ್ಷ ಹೀಗೇ ನಡೆಯಿತು. ಅಷ್ಟು ದಿನದಲ್ಲಿ ಆ ಬೈಗುಳಕ್ಕೆ ಅವರು ಒಂದೇ ಒಂದು ಸಲವೂ ತಿರುಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಎರಡು ದಿನ ಎದೆ ಬಿಗಿ ಅಂದರಂತೆ, ಮೂರನೆಯ ದಿನ ಬೆಳಗ್ಗೆ ಟ್ಯೂಬಿನ ಧೂಳು ಒರೆಸಲು ಸ್ಟೂಲು ಎಳೆದುಕೊಂಡು ಅದರ ಮೇಲೆ ಕೂತವರು ಏಳಲಿಲ್ಲ. ನಾನು ಹೋದೆ. ಅವತ್ತೂ ಅಳು ಬರಲಿಲ್ಲ. ಬಂದವರಿಗೆ ಚಾಪೆ ಹಾಸಿದೆ, ನೀರು ಕೊಟ್ಟೆ, ಹೇಳಿದ ಕೆಲಸ ಮಾಡಿದೆ.

ತಿಥಿ ಮುಗಿದು ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಹೋದೆ. ಅಮ್ಮ ಟ್ಯೂಬಿನ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೂತು ಸುಲಿದೆ. ಅವರೇ ಮಾತು ತೆಗೆದರು. "ಕಾರ್ಖಾನೇಲಿ ಒಂದು ಸ್ವಿಚ್ಚು ತಪ್ಪಿದ್ದಕ್ಕೆ ನಾನು ಬೈಯದ ದಿನ ಇಲ್ಲ. ಈಗ ನೋಡು, ಬೈಯೋಣ ಅಂದ್ರೆ ಇಲ್ಲ."

"ಅಮ್ಮ, ಆ ಸ್ವಿಚ್ಚು ಆರಿಸಿದ್ದು ಸಾರ್ ಅಲ್ಲ. ನಾನು."

ಅವರು ಸುಲಿಯುತ್ತಲೇ ಇದ್ದರು. ಕೇಳಿಸಲಿಲ್ಲವೇನೋ ಅಂದುಕೊಂಡು ಇನ್ನೊಂದು ಸಲ ಹೇಳಿದೆ. ನನ್ನ ಟ್ರಯಲ್ ಮುಗಿಯಲು ಹತ್ತೊಂಬತ್ತು ದಿನ ಇತ್ತು, ನನ್ನ ಕೆಲಸ ಹೋಗುತ್ತಿತ್ತು, ಅದಕ್ಕೆ ಅವರು ತಮ್ಮ ಮೇಲೆ ಹಾಕಿಕೊಂಡರು ಅಂತ ಎಲ್ಲ ಹೇಳಿದೆ.

ಕೈ ನಿಂತಿತು.

"ನಾನು ಅವರನ್ನ ಬೈಯುವಾಗ ನೀನು ಇಲ್ಲೇ ಕೂತಿರ್ತಿದ್ದೆ."

"ಹೂಂ ಅಮ್ಮ."

"ನಾನೇ ಕೊಟ್ಟ ಕಾಫಿ ಕುಡೀತಾ."

"ಹೂಂ."

ಅವರು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದರು. ಆಮೇಲೆ, "ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ ಇವರು" ಅಂದರು. ಅದನ್ನು ನನಗೆ ಹೇಳಲಿಲ್ಲ. ಗಿಡಗಳ ಕಡೆ ನೋಡಿಕೊಂಡು ಹೇಳಿದರು.

"ನನಗೆ ಬೈದ್ಬಿಡಿ ಅಮ್ಮ" ಅಂದೆ. ಬೈಯಲಿ ಅಂತ ನಿಜವಾಗಿಯೂ ಬೇಕಿತ್ತು. ಕೂದಲು ಹಿಡಿದು ಹೊರಗೆ ಹಾಕಿದ್ದರೂ ಬೇಕಿತ್ತು.

ಅವರು ಮೊರವನ್ನು ಹತ್ತಿರ ಎಳೆದುಕೊಂಡರು. "ಬೈಯೋದು ಮನೆಯೋರನ್ನ. ನಿನ್ನ ಯಾಕೆ ಬೈಲಿ" ಅಂದರು.

ನೋವಾಯಿತು. ಗಂಡ ಹೋದ ಮೇಲೆ ಅಷ್ಟು ವರ್ಷದಲ್ಲಿ ನನಗೆ ಚೆನ್ನಾಗಿ ಗೊತ್ತಾಗುವ ಹಾಗೆ ನೋವಾದದ್ದು ಅದೇ ಮೊದಲು. ಎದ್ದು ಹೋಗಲೂ ಆಗದೆ, ಉಳಿದಿದ್ದ ಅವರೆಕಾಯಿ ಪೂರ್ತಿ ಸುಲಿದುಕೊಟ್ಟು ಮನೆಗೆ ಬಂದೆ.

ನಾನು ಈಗಲೂ ಹೋಗುತ್ತೇನೆ. ಅಮ್ಮನಿಗೆ ಕಣ್ಣು ಮಂಜಾಗಿದೆ, ಗಿಡಗಳ ದೂರ ನಾನೇ ಅಳೆದು ಇಡುತ್ತೇನೆ, ಟ್ಯೂಬು ಬದಲಾಯಿಸುತ್ತೇನೆ. ಬಾಗಿಲು ತೆಗೆದು ಬಾ ಅನ್ನುತ್ತಾರೆ. ಮಗಳು ಹೇಗಿದ್ದಾಳೆ ಕೇಳುತ್ತಾರೆ. ಕಾಫಿ ಕೊಡುತ್ತಾರೆ. ಒಂದು ದಿನವೂ ಬೈದಿಲ್ಲ.